ದಾಸೋಹದ ಪಂಕ್ತಿಯೂ ಮೊಟ್ಟೆಯ ತಕರಾರೂ



ಶಾಲೆಯ ಬಿಸಿಯೂಟಕ್ಕೆ ಸರಕಾರವು ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ದಾಸೋಹವೆಂಬುದು ಶರಣರು ಬೆಳೆಸಿದ ಮಾತು, ಮಠಗಳು ಉಳಿಸಿಕೊಂಡು ಬಂದ ಮಾತು. 2002ರ ಜೂನ್ ತಿಂಗಳಲ್ಲಿ ಆ ಯೋಜನೆ ಮೊದಲು ಆರಂಭವಾದದ್ದು ನಮ್ಮ ರಾಯಚೂರು ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ. ಆಗ ನಾವೆಲ್ಲ ಹಿಗ್ಗಿದೆವು.

2021ರ ಡಿಸೆಂಬರಿನಲ್ಲಿ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಅದೇ ಪಂಕ್ತಿಗೆ ಮೊಟ್ಟೆ ಬಂದಿತು. ಬೇಡವೆಂದ ಮಗುವಿಗೆ ಬಾಳೆಹಣ್ಣು. ಆ ಹೊತ್ತಿನಲ್ಲಿ ನಮ್ಮ ಸಮಾಜದ ಕೆಲವು ಮಠಾಧೀಶರು ಮೊಟ್ಟೆಯನ್ನು ನಿಲ್ಲಿಸಬೇಕೆಂದು ಆಗ್ರಹಿಸಿದ್ದು ತಮಗೆ ನೆನಪಿರಬಹುದು. ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರದಲ್ಲಿ ಆರು ದಿನಗಳಿಗೆ ವಿಸ್ತಾರವಾಯಿತು.

ಇದನ್ನು ಬರೆಯುವವನು ಹುಟ್ಟಿನಿಂದ ಮೊಟ್ಟೆ ಮುಟ್ಟಿದವನಲ್ಲ, ಮುಟ್ಟುವವನೂ ಅಲ್ಲ. ಆದರೂ ಆ ಆಗ್ರಹ ತಪ್ಪೆಂದೇ ನನ್ನ ಎಣಿಕೆ. ಲಿಂಗಾಚಾರ ನನ್ನ ತಾಟಿಗೆ ಹಾಕಿದ ಕಟ್ಟು, ಪಕ್ಕದ ಕೂಸಿನ ತಾಟಿಗೆ ಹಾಕಿದ್ದಲ್ಲ. ತುಂಗಭದ್ರೆಯ ದಂಡೆಯ ಮುಕ್ಕುಂದದಿಂದ ಸಿಂಧನೂರಿನ ಕಡೆಗೆ ಹೊರಟರೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಇಲ್ಲಿ ಹಸಿವಿದೆಯೆಂದರೆ ಯಾರು ನಂಬಿಯಾರು? 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯೂ ಮನೆಮನೆಗೆ ಮುಟ್ಟಿದೆ. ಅಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದ ಕೂಸುಗಳಲ್ಲಿ ನೂರಕ್ಕೆ 65ಕ್ಕೆ ರಕ್ತಹೀನತೆ. ಹೊಟ್ಟೆ ತುಂಬಿದೆ, ಮೈಗೆ ಹತ್ತಿಲ್ಲ.

ಹಿರಿಯರೇ, ತಾವು ಬೆಳೆದದ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಚಟ್ನಿ, ಮಜ್ಜಿಗೆಯ ಮೇಲೆ. ಕಾಲುವೆ ನೀರು ಬಂದ ಮೇಲೆ ಹೊಲದಿಂದ ಜೋಳ ಹೋಯಿತು, ಅದರ ಹಿಂದೆ ತಾಟಿನಿಂದಲೂ ಹೋಯಿತು. (ಅಕ್ಕಿ ಉಣ್ಣುವುದೇ ದೊಡ್ಡಸ್ತಿಕೆಯೆಂದು ನಾವೇ ಬಗೆದೆವಲ್ಲ!) ಕೂಲಿಗೆ ಹೋಗುವ ಮನೆಯ ಮಗುವಿಗೆ ಈಗ ಬೆಳಿಗ್ಗೆಯೂ ಅನ್ನ, ರಾತ್ರಿಯೂ ಅನ್ನ, ಮೇಲೆ ತೆಳ್ಳನೆಯ ಸಾರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದ್ದರೆ ಬಾಳೆಹಣ್ಣಿನಲ್ಲಿ ಇರುವುದು 1 ಗ್ರಾಂ ಮಾತ್ರ. ಆದುದರಿಂದ ನಷ್ಟವಾಗುತ್ತಿರುವುದು ಮೊಟ್ಟೆ ತಿನ್ನದ ನಮ್ಮ ಮಕ್ಕಳಿಗೇ. ಮಠಗಳು ಕೇಳಬೇಕಾದದ್ದು ಇದನ್ನು: ಬಾಳೆಹಣ್ಣಿನ ಜೊತೆಗೆ ಒಂದು ಹಿಡಿ ಹುರಿದ ಶೇಂಗಾ ಅಥವಾ ಮೊಳಕೆ ಹೆಸರು ಕೊಡಿರೆಂದು.

ಇನ್ನೊಂದು ಸಂಗತಿಯನ್ನು ತಾಯಂದಿರಿಗೇ ನೇರವಾಗಿ ಹೇಳಬೇಕು. 2017ರ ಅಕ್ಟೋಬರ್ 2ರಿಂದ ರಾಜ್ಯದ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ‘ಮಾತೃಪೂರ್ಣ’ ಯೋಜನೆಯ ಮಧ್ಯಾಹ್ನದ ಊಟ ಆರಂಭವಾಯಿತು. ಅನ್ನ, ಸಾರು, ಪಲ್ಯ, ಹಾಲು, ಮೊಟ್ಟೆ. ಆದರೆ ಅಲ್ಲಿಗೆ ಹೋಗಿ ಉಣ್ಣಬೇಕೆಂದಾಗ ಹಲವು ಮನೆಗಳಲ್ಲಿ ಸೊಸೆಗೆ ಅಪ್ಪಣೆ ಸಿಗಲಿಲ್ಲ. ‘ನಮ್ಮ ಮನ್ಯಾಗೇನು ಕೂಳಿಲ್ಲೇನು? ಮಂದಿ ಏನಂದಾರು?’ ಅಡುಗೆ ಮಾಡುವಾಕೆಯ ಜಾತಿ ಯಾವುದೆಂದು ವಿಚಾರಿಸಿ ಬೇಡವೆಂದವರೂ ಉಂಟು. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡು ಆ ಪ್ರಶ್ನೆ ಕೇಳುವವರಿಗೆ ಬಸವಣ್ಣನವರ ಕಲ್ಯಾಣದ ಹೆಸರೆತ್ತುವ ಅಧಿಕಾರ ಎಲ್ಲಿಯದು? ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಆ ಸೊಸೆಗೆ ಬಿಸಿಯಾಗಿ, ಹೊತ್ತಿಗೆ ಸರಿಯಾಗಿ ಸಿಗುವ ಊಟ ಅದೊಂದೇ ಇದ್ದೀತು.

ಶ್ರಾವಣದಲ್ಲಿ ಪುರಾಣ ಮಂಗಲದ ದಿನ ಭಕ್ತರು ಮಠಕ್ಕೆ ಚೀಲಗಟ್ಟಲೆ ಅಕ್ಕಿ ತರುತ್ತಾರೆ, ಗೋದಿ ಸಜ್ಜಕಕ್ಕೆ ಬೆಲ್ಲ ತರುತ್ತಾರೆ. ಈ ಸಲ ಅಕ್ಕಿ ಸಾಕು. ಶೇಂಗಾ ತನ್ನಿ, ಹೆಸರು ತನ್ನಿ, ಬಿಳಿ ಜೋಳ ತನ್ನಿ. ಮರುದಿನ ಬೆಳಿಗ್ಗೆ ಅದರಲ್ಲಿ ಅರ್ಧವನ್ನು ಶಾಲೆಗೂ ಅಂಗನವಾಡಿಗೂ ಮುಟ್ಟಿಸುವ ಕೆಲಸವನ್ನು ಊರಿನ ಹಿರಿಯರು ವಹಿಸಿಕೊಳ್ಳಲಿ. ಸೊಸೆಯನ್ನು ಅಂಗನವಾಡಿಯ ಬಾಗಿಲ ತನಕ ಅತ್ತೆಯೇ ಕರೆದುಕೊಂಡು ಹೋಗಲಿ.