ಜ್ವಾಲಾಮುಖಿಗೆ ಹೋಗುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ

ಇಪ್ಪತ್ತೇಳು ವರ್ಷ ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸಿದವಳು ನಾನು. ಪ್ರತಿ ವರ್ಷ ಕೆಂಪು ಸೀಮೆಸುಣ್ಣದಲ್ಲಿ ಕಪ್ಪು ಹಲಗೆಯ ಮೇಲೆ ಜ್ವಾಲಾಮುಖಿ ಬರೆಯುತ್ತಿದ್ದೆ. ನಮ್ಮ ಗೋಳಗುಮ್ಮಟದ ಕಲ್ಲು, ಬಿಳಿಜೋಳ ಬೆಳೆಯುವ ಎರೆಮಣ್ಣು ಎರಡಕ್ಕೂ ಮೂಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಎಂದು ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನೀವು ಕಣ್ಣಾರೆ ನೋಡೀರೇನ್ರೀ?" ಎಂದಳು. ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಒಬ್ಬಳೇ ಹೊರಟು, ಇಂಡೊನೇಷ್ಯಾದ ಪೂರ್ವ ಜಾವಾದಲ್ಲಿರುವ ಬ್ರೊಮೊ ನೋಡಿ ಬಂದೆ.

ಬೆಂಗಳೂರಿನಿಂದ ಬಾಲಿಗೆ 2024ರಲ್ಲಿ ನೇರ ವಿಮಾನ ಶುರುವಾಯಿತು. ನಮ್ಮವರು ಸಾಲುಸಾಲಾಗಿ ಹೋಗುತ್ತಿದ್ದಾರೆ, ಹೋಗಲಿ. ಬಾಲಿಯಿಂದ ಬ್ರೊಮೊಗೆ ಹೋಗಲು ದುಬಾರಿ ಪ್ಯಾಕೇಜೇ ಬೇಕು ಎಂದು ಮಾತ್ರ ಯಾರೂ ತಿಳಿಯಬೇಕಿಲ್ಲ. ಬಾಲಿಯ ಪಶ್ಚಿಮ ತುದಿಯ ಗಿಲಿಮಾನುಕ್‌ವರೆಗೆ ಬಸ್ಸು. ಅಲ್ಲಿಂದ ದೊಡ್ಡ ಹಡಗಿನಲ್ಲಿ ಜಲಸಂಧಿ ದಾಟಿದರೆ ಜಾವಾ. ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಕೆತಾಪಾಂಗ್ ಬಂದರಿನ ಪಕ್ಕದಲ್ಲೇ ರೈಲು ನಿಲ್ದಾಣ. ಪ್ರೊಬೊಲಿಂಗೊದಲ್ಲಿ ಇಳಿದರೆ ಬೆಟ್ಟಕ್ಕೆ ಹೋಗುವ ಸಣ್ಣ ವ್ಯಾನು ಸಿಗುತ್ತದೆ. ನಮ್ಮ ಟಂಟಂ ಹಾಗೆಯೇ, ತುಂಬುವ ತನಕ ಅದು ಹೊರಡುವುದಿಲ್ಲ. ಎರಡು ತಾಸು ಕಾದೆ. ಎಲೆಕೋಸಿನ ಚೀಲ, ಎರಡು ಕೋಳಿ, ನಾನು, ಹೀಗೆ ಚೆಮೊರೊ ಲಾವಾಂಗ್ ಎಂಬ ಹಳ್ಳಿ ಮುಟ್ಟಿದೆವು. ಭಾರತೀಯರಿಗೆ ಇಳಿದ ಮೇಲೆ ಸಿಗುವ ವೀಸಾಕ್ಕೆ 5 ಲಕ್ಷ ರುಪಿಯಾ, ವಿದೇಶಿಯರಿಗೆ ಬ್ರೊಮೊದ ಪ್ರವೇಶಕ್ಕೆ ಎರಡೂವರೆ ಲಕ್ಷದ ಆಸುಪಾಸು. ಈ ಎರಡನ್ನು ತಪ್ಪಿಸಲಾಗದು. ಉಳಿದದ್ದರಲ್ಲಿ ಕೈ ಬಿಗಿ ಹಿಡಿಯಬಹುದು. ಎಲ್ಲರೂ ಬೆಳಗಿನ ಜಾವ ಮೂರಕ್ಕೆ ಹತ್ತುವ ಜೀಪನ್ನು ನಾನು ಬಿಟ್ಟೆ. ಹಳ್ಳಿಯಿಂದ ಕುಳಿಗೆ ಮೂರು ಕಿಲೋಮೀಟರ್ ಅಷ್ಟೇ, ಕಾಲಿದೆ.

ಆದರೆ ಉಳಿಸಿದ ಆ ಹಣವನ್ನು ಮನೆಗೆ ತರಬೇಡಿ. ಅದರಲ್ಲಿ ಒಂದು ದಿನ ಕೊಂಡುಕೊಳ್ಳಿ ಎನ್ನುವುದೇ ನಾನು ಹೇಳಬೇಕಾದ ಮಾತು.

ನಾನು ಉಳಿದದ್ದು ತೆಂಗರ್ ಜನರ ಮನೆಯೊಂದರಲ್ಲಿ. ತೆಂಗರ್ ಜನ ಹಿಂದೂಗಳು. ಬ್ರೊಮೊ ಎಂಬ ಹೆಸರು ಬ್ರಹ್ಮನಿಂದಲೇ ಬಂದದ್ದು. ವರ್ಷಕ್ಕೊಮ್ಮೆ, ಕಸದ ಹಬ್ಬದಂದು, ತರಕಾರಿ, ಕೋಳಿ, ಮೇಕೆ, ದುಡ್ಡು ಎಲ್ಲವನ್ನೂ ಕುಳಿಗೆ ಎಸೆದು ಒಪ್ಪಿಸುತ್ತಾರೆ. (ಕಸದ ಎಂಬುದು ಅವರ ಪಂಚಾಂಗದ ತಿಂಗಳ ಹೆಸರು, ನಮ್ಮ ಕಸವಲ್ಲ.) ಮನೆಯೊಡತಿಯನ್ನು ಎಲ್ಲರೂ ಇಬು ಎನ್ನುತ್ತಿದ್ದರು. ಇಬು ಎಂದರೆ ಅವ್ವ. ಮೊದಲ ದಿನ ಬೆಳಗ್ಗೆ ನಾಲ್ಕಕ್ಕೆ ನಾನು ಟೋಪಿ ಹಾಕಿಕೊಂಡು ಬಾಗಿಲಿಗೆ ಬಂದರೆ, ಆಕೆ ಅಂಗಳದಲ್ಲಿ ನಿಂತು ಮೂಗು ಮೇಲಕ್ಕೆತ್ತಿ ಗಾಳಿ ಮೂಸುತ್ತಿದ್ದರು. ನನಗೂ ಬಂತು ಆ ವಾಸನೆ, ಬೆಂಕಿಪೊಟ್ಟಣ ಗೀರಿದಾಗಿನ ಗಂಧಕ. "ಬೆಸೊಕ್," ಎಂದರು. ನಾಳೆ. ಗಾಳಿ ಕುಳಿಗೆ ಹತ್ತುವ ಮೆಟ್ಟಿಲಿನ ಕಡೆಗೆ ತಿರುಗಿತ್ತು.

ನನ್ನ ಬಳಿ ನಾಳೆ ಇತ್ತು, ಅದಕ್ಕೇ ಒಳಗೆ ಬಂದು ಚಹಾ ಕುಡಿದೆ. ಪಕ್ಕದ ಕೋಣೆಯ ಜೋಡಿಗೆ ಒಂಬತ್ತಕ್ಕೆ ಗಾಡಿ ಹೊರಡುವುದಿತ್ತು. ಹೋದರು. ಮೆಟ್ಟಿಲಿನ ಅರ್ಧಕ್ಕೆ ಆಕೆಗೆ ಉಸಿರು ಕಟ್ಟಿ, ಗಂಡ ಹೊತ್ತುಕೊಂಡು ಇಳಿಸಿದ. ವಾಪಸ್ ಬಂದಾಗ ಕಣ್ಣು ಕೆಂಪಗೆ ಊದಿದ್ದವು. ಮೂಗಿಗೆ ಕಟ್ಟಿದ್ದು ಮಾಮೂಲಿ ಬಟ್ಟೆಯ ಮಾಸ್ಕು. ಅದು ಬೂದಿ ತಡೆದೀತು, ಗಂಧಕದ ಅನಿಲವನ್ನಲ್ಲ. ಅನಿಲಕ್ಕೆ ಫಿಲ್ಟರ್ ಇರುವ ಮಾಸ್ಕೇ ಬೇಕು. ಆಸ್ತಮಾ ಇದ್ದವರು ಹೋಗಲೇಬಾರದು.

ಅವರಲ್ಲಿ ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ಇಲ್ಲದ್ದು ಬಿಡುವು.

ಮರುದಿನ ಗಾಳಿ ತಿರುಗಿತ್ತು, ಕುಳಿಗೆ ಹೋಗಲು ತಡೆಯೂ ಇರಲಿಲ್ಲ. ಮರಳ ಬಯಲು ದಾಟಿ, ಪೋತೆನ್ ದೇಗುಲದ ಪಕ್ಕದಿಂದ ಸುಮಾರು 250 ಮೆಟ್ಟಿಲು ಹತ್ತಿದೆ. ಕುಳಿಯ ಅಂಚಿನಲ್ಲಿ ಗಣಪತಿ ಕೂತಿದ್ದಾನೆ, ಕೊರಳಲ್ಲಿ ಹೂವು, ಮೈತುಂಬ ಬೂದಿ. ಸದ್ದು ಮೊದಲು ಕಾಲಿಗೆ ಬಂತು, ಆಮೇಲೆ ಕಿವಿಗೆ. ಕೆಳಗೆ ಹಳದಿ ಗಂಧಕದ ಗೆರೆಗಳು, ನಡುವೆ ಬಿಳಿ ಆವಿ ಒಂದೇ ಸಮ ಉಕ್ಕುತ್ತಿತ್ತು. ಕೆಂಪು ಸೀಮೆಸುಣ್ಣಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಕನ್ನಡಕ ಒರೆಸಿದರೆ ಗಾಜಿನ ಮೇಲೆ ಬೂದಿಯ ಹರಳು ಗೀಚಿದ ಎರಡು ಗೆರೆ ಬಿದ್ದವು, ಇನ್ನೂ ಇವೆ. ಹತ್ತು ನಿಮಿಷ ನಿಂತು ಇಳಿದೆ.

ಹತ್ತೇ ನಿಮಿಷ ಯಾಕೆ ಎಂದರೆ, ಜಪಾನಿನ ಒಂತಾಕೆ ಪರ್ವತ 2014ರ ಸೆಪ್ಟೆಂಬರ್ 27ರಂದು ಸಿಡಿದಾಗ ಎಚ್ಚರಿಕೆಯ ಮಟ್ಟ ಅತ್ಯಂತ ಕೆಳಗಿನದೇ ಆಗಿತ್ತು. ಒಳಗಿನ ನೀರು ಕಾವಿಗೆ ಸಿಕ್ಕು ಒಮ್ಮೆಲೇ ಆವಿಯಾಗಿ ಸ್ಫೋಟಿಸಿತು. ಶನಿವಾರದ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು. ಸತ್ತವರು, ಸಿಗದೇ ಹೋದವರು ಸೇರಿ 63 ಮಂದಿ. ಇಂಥ ಸ್ಫೋಟ ಮುಂಚೆ ಹೇಳಿ ಬರುವುದು ಅಪರೂಪ. ಸುಮಾತ್ರಾದ ಮರಾಪಿಯ ಕಥೆ ಬೇರೆ. ನಾಲ್ಕು ಹಂತಗಳ ಎಚ್ಚರಿಕೆಯಲ್ಲಿ ಅದು ಎರಡನೆಯದರಲ್ಲಿತ್ತು, ಕುಳಿಯಿಂದ 3 ಕಿ.ಮೀ. ದೂರವಿರಿ ಎಂಬ ಸೂಚನೆಯಿತ್ತು. ಆದರೂ ಚಾರಣಿಗರಿಗೆ ಟಿಕೆಟ್ ಸಿಗುತ್ತಿತ್ತು. 2023ರ ಡಿಸೆಂಬರ್ 3ರಂದು ಸಿಡಿದು 24 ಮಂದಿ ಸತ್ತರು. ಟಿಕೆಟ್ ಸಿಕ್ಕಿತು ಅಂದರೆ ಅಪಾಯ ಇಲ್ಲ ಅಂತಲ್ಲ. ಅಲ್ಲಿನ ಸರ್ಕಾರದ ಮ್ಯಾಗ್ಮಾ ಇಂಡೊನೇಷ್ಯಾ ತಾಣದಲ್ಲಿ ಪ್ರತಿ ಬೆಟ್ಟದ ಹಂತ, ಎಷ್ಟು ದೂರ ಇರಬೇಕೆಂಬ ಲೆಕ್ಕ ಪುಕ್ಕಟೆ ಸಿಗುತ್ತದೆ. ಹೊರಡುವ ಬೆಳಗ್ಗೆ ನೋಡಿ. ನಿಷೇಧದ ವರ್ತುಲದೊಳಗೆ ಕುಳಿ ಬಂದರೆ ಹಳ್ಳಿಯ ಅಂಚಿನಿಂದಲೇ ನೋಡಿ ಬನ್ನಿ, ಅಲ್ಲಿಂದಲೂ ಹೊಗೆ ಕಾಣುತ್ತದೆ.

ನಾನು ಕಾದ ಆ ದಿನ ಇಬು ಹೊಲಕ್ಕೆ ಕರೆದೊಯ್ದರು. ಏಣಿಯಂತೆ ಕಡಿದಾದ ಇಳಿಜಾರಿನಲ್ಲಿ ಈರುಳ್ಳಿ, ಆಲೂಗಡ್ಡೆ. ಬೂದಿ ಬಿದ್ದ ವರ್ಷ ಎಲೆ ಸುಟ್ಟು ಬೆಳೆ ಹೋಗುತ್ತದೆ, ಆಮೇಲಿನ ವರ್ಷಗಳಲ್ಲಿ ಅದೇ ಬೂದಿ ಮಣ್ಣಿಗೆ ಸೇರಿ ಬೆಳೆ ಕೊಡುತ್ತದೆ ಎಂಬುದನ್ನು ಆಕೆ ಕೈಸನ್ನೆಯಲ್ಲೇ ಹೇಳಿದರು. ಇಪ್ಪತ್ತೇಳು ವರ್ಷ ನಾನು ಹೇಳಿದ ಪಾಠ ಅದೇ. ಜೀಪಿನಲ್ಲಿ ಬಂದು ಒಂಬತ್ತಕ್ಕೆ ಹೋಗಿದ್ದರೆ ಈ ಹೊಲ ನನಗೆ ಕಾಣುತ್ತಿರಲಿಲ್ಲ. ಆ ಒಂದು ರಾತ್ರಿಯ ಕೋಣೆ, ಎರಡು ಊಟ ಸೇರಿ ತೆತ್ತದ್ದು ಜೀಪಿನ ದುಡ್ಡಿಗಿಂತ ಕಡಿಮೆ.

ಬೆಂಗಳೂರು, ಹುಬ್ಬಳ್ಳಿಯ ಪ್ರವಾಸ ಸಂಸ್ಥೆಗಳು ಬಾಲಿ ಪ್ಯಾಕೇಜಿಗೆ ಬ್ರೊಮೊ ಸೇರಿಸುವುದಾದರೆ ಅಲ್ಲಿ ಎರಡು ರಾತ್ರಿ ಇಡಲಿ. ಬೆಟ್ಟ ಬೇಡ ಎಂದ ದಿನ ಹತ್ತದೆ ಉಳಿದವರಿಗೆ ಜೀಪಿನ ಹಣ ವಾಪಸ್ ಎಂದು ಚೀಟಿಯಲ್ಲಿ ಬರೆದುಕೊಡಲಿ.