ಅಲೆ ಮುರಿಯುವ ಜಾಗವನ್ನು ಕಟ್ಟುವುದು ಅಳಿವೆಯ ಮರಳು

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಶನಿವಾರ ಬೆಳಗ್ಗೆ ಮೂಲ್ಕಿಯಲ್ಲಿ ಇಳಿದು ಸರ್ಫಿಂಗ್ ಕಲಿಯಲು ಹೋಗುವುದು ಈಗ ಹೊಸ ಸಂಗತಿಯಲ್ಲ. ಮಂಗಳೂರಿನವರಿಗಂತೂ ತಣ್ಣೀರುಬಾವಿ, ಪಣಂಬೂರು, ಸುರತ್ಕಲ್, ಸಸಿಹಿತ್ಲು ಎಲ್ಲವೂ ಮನೆಯಿಂದ ಹೊರಟರೆ ಒಂದು ಗಂಟೆಯ ದಾರಿ. ಕಡಲು ಒಂದೇ, ಬೀಸುವ ಗಾಳಿಯೂ ಒಂದೇ. ಆದರೆ ಅಲೆ ಎಲ್ಲ ಕಡೆ ಒಂದೇ ಅಲ್ಲ. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ 2016ರಲ್ಲಿ ಶುರುವಾದದ್ದು ಸಸಿಹಿತ್ಲುವಿನಲ್ಲಿ. ನಡುವೆ ಪಣಂಬೂರಿನಲ್ಲೂ ನಡೆದು, 2024 ಮತ್ತು 2025ರಲ್ಲಿ ಮತ್ತೆ ಸಸಿಹಿತ್ಲುವಿಗೇ ಬಂತು. ಹತ್ತಾರು ಕಿಲೋಮೀಟರ್ ಅಂತರದಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಅಲೆಗಳು ಉಳಿಯುತ್ತವೆಯೋ ಇಲ್ಲವೋ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ನಮ್ಮ ದಡಕ್ಕೆ ಬರುವ ಉದ್ದನೆಯ, ಸಾಲುಸಾಲಾದ ಅಲೆಗಳಲ್ಲಿ ಅನೇಕವು ನಮ್ಮ ಸಮುದ್ರದಲ್ಲಿ ಹುಟ್ಟಿದವಲ್ಲ. ಸಮಭಾಜಕದ ಆಚೆ, ಅಂಟಾರ್ಕ್ಟಿಕಾದತ್ತ ಚಾಚಿರುವ ದಕ್ಷಿಣ ಸಾಗರದ ಬಿರುಗಾಳಿ ಅವುಗಳ ತವರು. ಎರಡು ಅಲೆಗಳ ನಡುವಿನ ಅಂತರ ಹದಿನೈದು ಸೆಕೆಂಡಿನಷ್ಟಿದ್ದರೆ ಆ ಅಲೆಗಳ ಗುಂಪು ಆಳ ಕಡಲಿನಲ್ಲಿ ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅಂದರೆ ದಿನಕ್ಕೆ ಸಾವಿರ ಕಿಲೋಮೀಟರ್. ಇಂದು ಸಸಿಹಿತ್ಲುವಿನಲ್ಲಿ ಏಳುವ ಅಲೆಗೆ ಕಾರಣವಾದ ಗಾಳಿ ಐದಾರು ದಿನಗಳ ಹಿಂದೆಯೇ ಬೀಸಿ ಅಡಗಿರಬಹುದು. ದಡದಲ್ಲಿ ಎಲೆಯೂ ಅಲುಗದ ದಿನ ಕಡಲು ಏಕೆ ಏರುತ್ತದೆ ಎಂದು ಅಚ್ಚರಿಪಡುವವರಿಗೆ ಇದೇ ಉತ್ತರ. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡಲು ಸಾಧ್ಯವಾಗುವುದಕ್ಕೂ ಈ ದೀರ್ಘ ಪ್ರಯಾಣ ಒಂದು ಕಾರಣ.

ಅಷ್ಟು ದೂರದಿಂದ ಬಂದ ಅಲೆ ದಡದ ಹತ್ತಿರ ಏನಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ನೀರಿನಡಿಯ ನೆಲ. ಒಂದು ಮೀಟರ್ ಎತ್ತರದ ಅಲೆ ಸುಮಾರು ಒಂದೂಕಾಲು ಮೀಟರ್ ಆಳಕ್ಕೆ ಬಂದಾಗ ಬುಡ ನಿಧಾನವಾಗಿ, ತಲೆ ಮುಂದೆ ಬಾಗಿ ಮುರಿಯುತ್ತದೆ. ತಳ ದಡಕ್ಕೆ ಸಮಾನಾಂತರವಾಗಿ, ಕಡಿದಾಗಿ ಏರಿದ್ದರೆ ಇಡೀ ಅಲೆ ಒಮ್ಮೆಗೇ ಕುಸಿಯುತ್ತದೆ. ಅದರ ಮೇಲೆ ಹಲಗೆ ಹಿಡಿದವರಿಗೆ ಸಿಗುವುದು ಪೆಟ್ಟು ಮಾತ್ರ. ತಳದಲ್ಲಿ ಓರೆಯಾಗಿ ಚಾಚಿದ ಮರಳಿನ ದಿಬ್ಬವಿದ್ದರೆ ಅಲೆ ಒಂದು ತುದಿಯಲ್ಲಿ ಮುರಿಯತೊಡಗಿ ಇನ್ನೊಂದು ತುದಿಯತ್ತ ಸಾಗುತ್ತದೆ. ಮುರಿದ ನೊರೆಗೂ ಇನ್ನೂ ಮುರಿಯದ ಗೋಡೆಗೂ ನಡುವಿನ ಆ ಇಳಿಜಾರೇ ಸರ್ಫರ್‌ಗೆ ಬೇಕಾದ ದಾರಿ.

ಸಸಿಹಿತ್ಲುವಿಗೆ ಈ ದಿಬ್ಬ ಕೊಟ್ಟವು ನದಿಗಳು. ಶಾಂಭವಿ ಮತ್ತು ನಂದಿನಿ ಅಲ್ಲಿ ಜೊತೆಗೂಡಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ನದಿ ಮರಳನ್ನು ಹೊರಗೆ ತಳ್ಳುತ್ತದೆ, ಕಡಲು ಅದನ್ನು ಮತ್ತೆ ದಡದತ್ತ ನೂಕುತ್ತದೆ. ಈ ನೂಕಾಟದಲ್ಲಿ ಅಳಿವೆಯ ಬಾಯಲ್ಲಿ ದಿಬ್ಬಗಳು ಕಟ್ಟಿಕೊಳ್ಳುತ್ತವೆ, ಕರಗುತ್ತವೆ, ಜಾಗ ಬದಲಿಸುತ್ತವೆ. ಕಳೆದ ವರ್ಷ ಚೆನ್ನಾಗಿ ಮುರಿದ ಕಡೆ ಈ ವರ್ಷ ಮುರಿಯಬೇಕೆಂದಿಲ್ಲ. ಪಣಂಬೂರಿನ ಕತೆ ಬೇರೆ. ಅಲ್ಲಿ ಪಕ್ಕದಲ್ಲೇ ನವಮಂಗಳೂರು ಬಂದರು ಇರುವುದರಿಂದ ಅಲೆ ಬರುವ ರೀತಿ, ಮರಳು ನಿಲ್ಲುವ ರೀತಿ ಎರಡರ ಮೇಲೂ ಬಂದರಿನ ತಡೆಗೋಡೆಗಳ ಪ್ರಭಾವವಿದೆ.

ಕಾಲದ ಲೆಕ್ಕವೂ ಮುಖ್ಯ. ನವೆಂಬರಿನಿಂದ ಮಾರ್ಚ್‌ವರೆಗೆ ಕಡಲು ಸಾಮಾನ್ಯವಾಗಿ ಸೌಮ್ಯ. ಕಲಿಯುವವರಿಗೆ ಅದೇ ಸರಿಯಾದ ಕಾಲ. ಬೆಳಗ್ಗೆ ನೆಲದಿಂದ ಕಡಲಿನತ್ತ ಬೀಸುವ ಗಾಳಿ ಅಲೆಯ ಮುಖವನ್ನು ನುಣುಪಾಗಿಡುತ್ತದೆ. ಮಧ್ಯಾಹ್ನದ ಕಡಲಗಾಳಿ ಅದನ್ನು ಕದಡಿಬಿಡುತ್ತದೆ. ಸ್ಪರ್ಧೆಗಳು ಮೇ ಕೊನೆ, ಜೂನ್ ಆರಂಭದಲ್ಲಿ ನಡೆಯುವುದು ಮುಂಗಾರಿನ ಹೊಸ್ತಿಲಲ್ಲಿ ಅಲೆ ಬಲಿಯುತ್ತದೆ ಎಂಬ ಕಾರಣಕ್ಕೆ. ಅದು ವರ್ಷಗಟ್ಟಲೆ ಪಳಗಿದವರಿಗೆ ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಮೀನಿಗೆ ಹೋಗುವಂತಿಲ್ಲ. ಈ ನಿಷೇಧದ ಮುಖ್ಯ ಉದ್ದೇಶ ಮೀನಿನ ಸಂತತಿಯ ರಕ್ಷಣೆಯೇ ಆದರೂ, ಆಗಿನ ಕಡಲು ಹವ್ಯಾಸಿಗಳ ಕಡಲಲ್ಲ.

ಸ್ಪರ್ಧೆಯ ವೀಡಿಯೊ ನೋಡಿ ಮಳೆಗಾಲದಲ್ಲಿ ನೀರಿಗಿಳಿಯುವ ಹುಡುಗರ ಬಗ್ಗೆ ನನಗೆ ನಿಜವಾಗಿ ಆತಂಕವಿದೆ. ದಡಕ್ಕೆ ಬಂದ ನೀರು ದಿಬ್ಬಗಳ ನಡುವಿನ ಕಾಲುವೆಯಂಥ ಜಾಗದಲ್ಲಿ ರಭಸವಾಗಿ ಹಿಂದಿರುಗುತ್ತದೆ. ಅಲ್ಲಿ ಅಲೆ ಕಡಿಮೆ ಮುರಿಯುವುದರಿಂದ ನೋಡುವವರಿಗೆ ಅದೇ ಸುರಕ್ಷಿತವಾಗಿ ಕಾಣುತ್ತದೆ. ಆ ಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಈಜಿ ಸುಸ್ತಾಗಬಾರದು. ಮೊದಲು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಬೇಕು. ಈಜು ಬಾರದವರು ಕೈ ಎತ್ತಿ ಕೂಗಿ, ತೇಲುತ್ತಾ ನೆರವಿಗೆ ಕಾಯುವುದೇ ಮೇಲು.

ಅಮೆರಿಕ ಮೂಲದ ಜಾಕ್ ಹೆಬ್ನರ್ ಎರಡು ದಶಕಗಳ ಹಿಂದೆ ಮೂಲ್ಕಿಯ ಆಶ್ರಮದಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದಾಗ ಊರವರಿಗೆ ಈ ಆಟ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಇಂದು ಕರಾವಳಿಯ ಮಕ್ಕಳೇ ತರಬೇತುದಾರರು, ಸ್ಪರ್ಧಿಗಳು. ಹೋಂಸ್ಟೇ, ದೋಣಿ ವಿಹಾರ, ಊಟದ ಮನೆಗಳಿಗೂ ಇದರಿಂದ ಆದಾಯವಿದೆ. ಇಷ್ಟೆಲ್ಲ ನಿಂತಿರುವುದು ಕಣ್ಣಿಗೆ ಕಾಣದ ಮರಳಿನ ಮೇಲೆ. ನದಿಯಲ್ಲಿ ಮಿತಿಮೀರಿ ಮರಳು ತೆಗೆದರೆ ದಿಬ್ಬಕ್ಕೆ ಸರಕು ಸಿಗುವುದಿಲ್ಲ. ಕಡಲ್ಕೊರೆತ ಕಂಡಲ್ಲೆಲ್ಲ ಕಲ್ಲು ಸುರಿದರೆ ಅಲೆ ಗೋಡೆಗೆ ಬಡಿದು ಹಿಂದೆ ಚಿಮ್ಮಿ ಮುಂದಿನ ಮರಳನ್ನು ಎಳೆದೊಯ್ಯುತ್ತದೆ, ಕೊರೆತ ಪಕ್ಕದ ಊರಿಗೆ ಜರುಗುತ್ತದೆ. ಮನೆ ಕಳೆದುಕೊಳ್ಳುವ ಭಯದಲ್ಲಿರುವ ಮೀನುಗಾರ ಕುಟುಂಬಕ್ಕೆ ರಕ್ಷಣೆ ಬೇಡ ಎಂದು ಯಾರೂ ಹೇಳಲಾರರು, ಹೇಳಲೂ ಬಾರದು. ಆದರೆ ಕಲ್ಲಿನ ರಾಶಿಯೊಂದೇ ದಾರಿಯಲ್ಲ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ದಡದಾಚೆ ನೀರಿನಲ್ಲೇ ಅಲೆಯ ಬಲ ಕುಗ್ಗಿಸುವ ರೀಫ್ ನಿರ್ಮಿಸಿದ ಅನುಭವ ನಮ್ಮ ಜಿಲ್ಲೆಯಲ್ಲೇ ಇದೆ.

ಆದ್ದರಿಂದ ಜಿಲ್ಲಾಡಳಿತ ಮತ್ತು ಬಂದರು ಇಲಾಖೆಯಲ್ಲಿ ಒಂದು ಮನವಿ. ಸಸಿಹಿತ್ಲು ಅಳಿವೆಯ ಸುತ್ತ ಮರಳು ತೆಗೆಯಲು ಅಥವಾ ತಡೆಗೋಡೆ ಕಟ್ಟಲು ಅನುಮತಿ ಕೊಡುವ ಮುನ್ನ, ಮಳೆಗಾಲದ ಹಿಂದೆ ಮತ್ತು ಮುಂದೆ ನೀರಿನಡಿಯ ದಿಬ್ಬಗಳನ್ನು ಅಳೆಯಿಸಿ. ಆ ಅಳತೆಯನ್ನು ಮೀನುಗಾರರ ಮುಂದೆ, ಸರ್ಫರ್‌ಗಳ ಮುಂದೆ, ಪಂಚಾಯಿತಿಯ ಮುಂದೆ ಇಟ್ಟು ಆಮೇಲೆ ನಿರ್ಧರಿಸಿ.