ಹಸು ಕೊಟ್ಟರು, ಹುಲ್ಲು ಯಾರು ಕೊಡುತ್ತಾರೆ?



ಬೂಸಾ ಎಂಬ ಮಾತು ನಮಗೆ ಹೊಸದಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಆ ಒಂದು ಮಾತಿಗೆ ಅವರ ಮಂತ್ರಿ ಪದವಿ ಹೋಯಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಆ ಏಟು ತಿಂದವರೇ ಎದ್ದು ನಿಂತು ಚಳವಳಿ ಕಟ್ಟಿದರು. ಸಾಹಿತ್ಯದ ಬೂಸಾ ಬಗ್ಗೆ ಐವತ್ತು ವರ್ಷ ಮಾತಾಡಿದ್ದೇವೆ. ಈ ಸಲ ನಿಜವಾದ ಬೂಸಾ ಬಗ್ಗೆ, ನಮ್ಮ ಕೇರಿಯ ಹಸುವಿನ ಮುಂದೆ ಬೀಳಬೇಕಾದ ಹುಲ್ಲಿನ ಬಗ್ಗೆ ಮಾತಾಡೋಣ.

"ಸಂಪಾದಕೀಯದಲ್ಲಿ ದನದ ಮೇವಾ?" ಅಂತ ಹಾಸ್ಟೆಲಿನಲ್ಲಿ ಯಾರಾದರೂ ನಗಬಹುದು. ನಗಲಿ. ಆದರೆ ಮೇವಿನ ಪ್ರಶ್ನೆ ಅಂದರೆ ಭೂಮಿಯ ಪ್ರಶ್ನೆ.

ಊರಿನ ದನ ಕಾಯ್ದವರು ನಾವು. ಕೊಟ್ಟಿಗೆ ಬಾಚಿದವರು ನಾವು. ಸತ್ತ ದನ ಹೊತ್ತವರೂ ನಾವೇ. ದನ ಮಾತ್ರ ನಮ್ಮದಾಗಿರಲಿಲ್ಲ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. 1978ರಲ್ಲಿ ಐ.ಆರ್.ಡಿ.ಪಿ. ಶುರುವಾಯಿತು, 1980ರ ಅಕ್ಟೋಬರಿನಲ್ಲಿ ದೇಶದ ಎಲ್ಲ ಬ್ಲಾಕುಗಳಿಗೂ ಹಬ್ಬಿತು. ಪರಿಶಿಷ್ಟರಿಗೆ ಅರ್ಧ ಸಬ್ಸಿಡಿ, ಉಳಿದರ್ಧ ಸಾಲ. ಕೇರಿಗೆ ಹಸು ಬಂತು, ಎಮ್ಮೆ ಬಂತು. 1999ರಲ್ಲಿ ಆ ಯೋಜನೆ ಬೇರೊಂದರಲ್ಲಿ ಸೇರಿಹೋಯಿತು. ಆಮೇಲೆ ಬಂದ ಯೋಜನೆಗಳ ಹೆಸರು ಬೇರೆ, ಪಾಡು ಒಂದೇ. ಹಸು ಕೊಡುತ್ತಾರೆ, ಹುಲ್ಲು ಬೆಳೆಯುವ ಜಾಗ ಕೊಡೋದಿಲ್ಲ.

ಲೆಕ್ಕ ನೋಡಿ. ನಾನೂರು ಕೆ.ಜಿ. ತೂಗುವ, ಹಾಲು ಕರೆಯುವ ಸೀಮೆಹಸುವಿಗೆ ದಿನಕ್ಕೆ ನೀರಿನಂಶ ಬಿಟ್ಟು 10ರಿಂದ 12 ಕೆ.ಜಿ. ಮೇವು ಬೇಕು. ಕುಡಿಯಲು ಐವತ್ತು ಲೀಟರಿಗೂ ಮೇಲೆ ನೀರು ಬೇಕು. ಹಾಲಿಗೆ ಬೀಳುವ ಖರ್ಚಿನಲ್ಲಿ ಹತ್ತರಲ್ಲಿ ಆರೇಳು ಪಾಲು ಮೇವಿನದೇ. ಜಮೀನಿದ್ದವನಿಗೆ ರಾಗಿ ಹೊಲ ಹುಲ್ಲು ಕೊಡುತ್ತದೆ, ಬದು ಹಸಿ ಮೇವು ಕೊಡುತ್ತದೆ, ಪಂಪ್‌ಸೆಟ್ಟಿನ ಕೆಳಗೆ ನೇಪಿಯರ್ ಬೆಳೆಯುತ್ತದೆ. ಜಮೀನಿಲ್ಲದ ನಮ್ಮವ್ವ ಏನು ಮಾಡಬೇಕು? ಗೌಡರ ಬದುವಿನಲ್ಲಿ ಒಂದು ಹೊರೆ ಹುಲ್ಲು ಕೊಯ್ಯಬೇಕು, ಅದಕ್ಕೆ ಬದಲಾಗಿ ಅವರ ಹೊಲದಲ್ಲಿ ಕಳೆ ಕೀಳಬೇಕು. ಕಾಯ್ದೆಯಲ್ಲಿ ಸತ್ತ ಜೀತ ಹುಲ್ಲಿನ ಹೊರೆಯೊಳಗೆ ಬಚ್ಚಿಟ್ಟುಕೊಂಡು ಮತ್ತೆ ಕೇರಿಗೆ ಬರುತ್ತದೆ.

ಹೊಟ್ಟೆಗಿಲ್ಲದ ಹಸು ಹಾಲು ಕಡಿಮೆ ಮಾಡುತ್ತದೆ, ಹೊತ್ತಿಗೆ ಸರಿಯಾಗಿ ಬೆದೆಗೆ ಬರೋದಿಲ್ಲ. ಕಂತು ನಿಲ್ಲುತ್ತದೆ. ಆಗ ಸಾಲ ಕೊಟ್ಟವರು "ಇವರಿಗೆ ದನ ಸಾಕೋಕೆ ಬರಲ್ಲ" ಅಂತಾರೆ. ತಲೆಮಾರುಗಟ್ಟಲೆ ಇಡೀ ಊರಿನ ದನ ಕಾಯ್ದವರಿಗೆ ಈ ಮಾತು!

ಹಾಗಂತ ಭೂಮಿ ಸಿಗೋವರೆಗೆ ಕೈಕಟ್ಟಿ ಕೂರಬೇಕಿಲ್ಲ. ವಿಜ್ಞಾನ ಯಾರಪ್ಪನ ಸೊತ್ತೂ ಅಲ್ಲ. ಹುಲ್ಲನ್ನು ಕತ್ತರಿಸಿ ಹಾಕಿದರೆ ತುಳಿದು ಹಾಳಾಗೋದು ಕಡಿಮೆ. ಭತ್ತದ ಒಣಹುಲ್ಲಿನಲ್ಲಿ ಸತ್ವ ಕಡಿಮೆ, ರಾಗಿ ಹುಲ್ಲು ಅದಕ್ಕಿಂತ ಮೇಲು. ಭತ್ತದ ಹುಲ್ಲೇ ಗತಿಯಾದರೆ ಅದನ್ನು ಹದ ಮಾಡಬಹುದು. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ತೆಗೆದ ಮೇಲೆ ಗಾಳಿಗೆ ಹರವಿ, ಘಾಟು ಹೋದ ನಂತರ ಹಾಕಬೇಕು. ಹುಲ್ಲು ಮೆದುವಾಗುತ್ತದೆ, ಸಸಾರಜನಕದ ಅಂಶ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ. ಎಚ್ಚರ: ಯೂರಿಯಾವನ್ನು ನೇರ ತಿಂದರೆ, ಆ ನೀರು ಕುಡಿದರೆ ದನ ಸಾಯುತ್ತದೆ. ಆರು ತಿಂಗಳೊಳಗಿನ ಕರುವಿಗೆ ಈ ಹುಲ್ಲು ಬೇಡ. ಹಿತ್ತಲಲ್ಲಿ ಎರಡು ಅಗಸೆ, ಒಂದು ನುಗ್ಗೆ ನೆಟ್ಟರೆ ಒಂದಷ್ಟು ಹಸಿ ಸೊಪ್ಪು ಸಿಗುತ್ತದೆ. ಇಷ್ಟನ್ನು ಓದು ಬಲ್ಲ ನಾವು ಕೇರಿಗೆ ಮುಟ್ಟಿಸದಿದ್ದರೆ ನಮ್ಮ ಓದು ಯಾತಕ್ಕೆ?

ಆದರೆ ಒಣಹುಲ್ಲು ಹದ ಮಾಡಲಿಕ್ಕೂ ಮೊದಲು ಒಣಹುಲ್ಲು ಇರಬೇಕಲ್ಲ. ಅಲ್ಲಿಗೆ ಗೋಮಾಳದ ಮಾತು ಬರುತ್ತದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ನೂರು ದನಕ್ಕೆ 12 ಹೆಕ್ಟೇರು, ಅಂದರೆ ಸುಮಾರು ಮೂವತ್ತು ಎಕರೆ ಗೋಮಾಳ ಇರಬೇಕು. ನಿಮ್ಮೂರಲ್ಲಿ ಇದೆಯಾ? ಇದ್ದರೆ ಯಾರ ಬೇಲಿಯೊಳಗಿದೆ? ದಲಿತನೊಬ್ಬ ಎರಡೆಕರೆಗೆ ಬಗರ್ ಹುಕುಂ ಅರ್ಜಿ ಹಾಕಿದರೆ "ದನಕ್ಕೆ ಜಾಗ ಎಲ್ಲಿ?" ಅಂತ ಊರೇ ಕೂಗುತ್ತದೆ. ಉಳ್ಳವನು ಹತ್ತೆಕರೆ ನುಂಗಿದಾಗ ದನದ ನೆನಪು ಯಾರಿಗೂ ಬರೋದಿಲ್ಲ. ನಮ್ಮ ಉಳುವ ಹಕ್ಕನ್ನೂ ನಮ್ಮ ದನ ಮೇಯುವ ಹಕ್ಕನ್ನೂ ಎದುರುಬದುರು ನಿಲ್ಲಿಸಿ ಕಾದಾಡಿಸುವುದು ಅವರ ಹೂಟ. 2011ರ ಜಗ್‌ಪಾಲ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಊರೊಟ್ಟಿನ ಜಾಗದ ಒತ್ತುವರಿ ತೆರವು ಮಾಡಿ ಎಂದಿತು. ಸರ್ಕಾರದ ಆದೇಶದ ಮೇಲೆ ಭೂಹೀನ ಕೂಲಿಗಳಿಗೆ, ಪರಿಶಿಷ್ಟರಿಗೆ ಗುತ್ತಿಗೆ ಕೊಟ್ಟ ಜಾಗವನ್ನು ಸಕ್ರಮ ಮಾಡಬಹುದಾದ ವಿನಾಯಿತಿ ಎಂದೂ ಅದೇ ತೀರ್ಪು ಹೇಳಿತು. ಆ ಎರಡನೇ ಮಾತನ್ನು ಊರಿನ ಯಜಮಾನರು ಓದಿ ಹೇಳೋದಿಲ್ಲ. ನಾವು ಓದಿ ಹೇಳಬೇಕು.

ಇನ್ನೊಂದು ಮಾತು. 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರಲ್ಲಿ ಜಾರಿಗೆ ಬಂತು. ಹಾಲು ಬತ್ತಿದ ಹಸುವನ್ನು, ಹೂಡಲಾರದ ಎತ್ತನ್ನು ಮಾರೋ ದಾರಿ ಮುಚ್ಚಿತು. ಆ ಮುದಿ ದನದ ದಿನದ ಮೇವು ಯಾರ ಮೇಲೆ ಬಿತ್ತು? ಗೋವಿಗೆ ಕೈಮುಗಿಯುವವರ ಮೇಲಲ್ಲ, ಒಂದೇ ಹಸು ಕಟ್ಟಿದ ಬಡವನ ಮೇಲೆ. ಗೋವು ತಾಯಿ ಅನ್ನುವವರು ಮೊದಲು ಆ ತಾಯಿಯ ಗೋಮಾಳ ಬಿಟ್ಟುಕೊಡಲಿ.

1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದರು. ದನಗಳು ಕುಡಿಯುತ್ತಿದ್ದ ಆ ನೀರನ್ನು ನಮ್ಮವರು ಮುಟ್ಟುವಂತಿರಲಿಲ್ಲ. ಅವರು ಕೇಳಿದ್ದು ದಯೆಯನ್ನಲ್ಲ, ಹಕ್ಕನ್ನು. ಊರೊಟ್ಟಿನ ನೀರಿನ ಮೇಲಿರುವ ಹಕ್ಕೇ ಊರೊಟ್ಟಿನ ಹುಲ್ಲಿನ ಮೇಲೂ ಇದೆ.

ಈ ರಜೆಯಲ್ಲಿ ಊರಿಗೆ ಹೋದಾಗ ಮೂರು ಕೆಲಸ ಮಾಡಿ. ಕೇರಿಯಲ್ಲಿ ಎಷ್ಟು ದನ, ಎಷ್ಟು ಕುರಿಮೇಕೆ ಇವೆ ಅಂತ ಮನೆಮನೆಗೆ ಹೋಗಿ ಎಣಿಸಿ ಬರೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತಾಲ್ಲೂಕು ಕಚೇರಿಯಿಂದ ನಿಮ್ಮೂರ ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ, ಮಂಜೂರಾದವರ ಪಟ್ಟಿ ಕೇಳಿ ಪಡೆಯಿರಿ. ಆಮೇಲೆ ನಾಲ್ಕು ಜನ ಕೂಡಿ ಆ ಜಾಗದಲ್ಲಿ ನಡೆದು ನೋಡಿ, ಕಾಗದಕ್ಕೂ ನೆಲಕ್ಕೂ ಎಷ್ಟು ಅಂತರ ಇದೆ ಅಂತ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಒಬ್ಬರೇ ಹೋಗಬೇಡಿ, ಕೇರಿಯ ಹೆಂಗಸರನ್ನು ಮುಂದಿಟ್ಟುಕೊಂಡು ಹೋಗಿ. ಹುಲ್ಲಿನ ಹೊರೆಯ ಭಾರ ಎಷ್ಟು ಅಂತ ಅವರ ಕತ್ತಿಗೆ ಗೊತ್ತು.

ಜೈ ಭೀಮ್.